ಹದಿನೇಳನೆಯ ಫಲಕ

ನಗರಸಭೆಗೆ ಪತ್ರ ಹೋಗಿತ್ತು:
ಐದು ರಾತ್ರಿ ದೊಡ್ಡ ಸದ್ದು ಬರುತ್ತದೆ, ಹೆದರಬೇಡಿ,
ಹೊಸ ಸ್ಥಾವರದ ಕೊಳವೆಗಳಿಗೆ ಹಬೆ ಊದುತ್ತಿದ್ದೇವೆ.
ಅರಬ್ಬಿಗೆ ತಿರುಗಿಸಿದ ಖಮೀಸ್
'ಊದು' ತೆಗೆದು 'ತೊಳೆ' ಹಾಕಿದ್ದ.
ಸೂರ್ ಅಂದರೆ ನಮ್ಮೂರು, ಅಂದ,
ಸೂರ್ ಅಂದರೆ ಕಡೆಯ ದಿನ ಊದುವ ಕಹಳೆಯೂ.
ಎರಡಕ್ಕೂ ಅವೇ ಅಕ್ಷರ. ಸುಮ್ಮನೆ ಯಾಕೆ
ಮುದುಕಿಯರನ್ನು ಎಬ್ಬಿಸಿ ಲೆಕ್ಕ ಕೇಳುವುದು?

ಕಾಯಿಸು. ಒತ್ತಡ ನಲವತ್ತಕ್ಕೆ ಏರಲಿ.
ವಾಲ್ವ್ ತೆರೆ.
ಆಮೇಲೆ ಮಾತಿಲ್ಲ. ಎದೆಗೂಡಿನೊಳಗೆ
ಯಾರೋ ತಗಡಿನ ಮಾಡು ಎಳೆದಾಡುತ್ತಾರೆ,
ಮರಳಿನ ಮೇಲೆ ಬಿಳಿಯ ಮರವೊಂದು ಎದ್ದು
ನೋಡನೋಡುತ್ತ ಬೇರು ಸಮೇತ ಕರಗುತ್ತದೆ.
ಮುಚ್ಚು. ತಣಿಸು. ಕಬ್ಬಿಣ ಕುಗ್ಗಲಿ,
ಒಳಗೆ ಹಿಡಿದ ಹಕ್ಕಳೆ ಏಳಲಿ.
ಮತ್ತೆ ಕಾಯಿಸು.

ಪ್ರತಿ ಊದಿಗೂ ಒಂದು ಫಲಕ,
ಅಂಗೈ ಅಗಲದ ಅಲ್ಯುಮಿನಿಯಂ, ಕನ್ನಡಿಯ ಹಾಗೆ ಉಜ್ಜಿದ್ದು.
ಹಬೆಗೆ ಅಡ್ಡ ನಿಲ್ಲಿಸುತ್ತೇವೆ.
ನಾಳೆ ಟರ್ಬೈನಿನ ಅಲಗಿಗೆ ಬೀಳುವ ಏಟು
ಇವತ್ತೇ ಇದರ ಮುಖಕ್ಕೆ.
ಮೊದಲನೆಯದನ್ನು ಯಾರೂ ಎಣಿಸಲಿಲ್ಲ,
ಸಿಡುಬೆದ್ದ ಮುಖವನ್ನು ಯಾರು ಎಣಿಸುತ್ತಾರೆ.
ಐದಕ್ಕೆ ನಾನೂರು ಗುಳಿ. ಒಂಬತ್ತಕ್ಕೆ ಎಪ್ಪತ್ತು.
ಭೂತಗನ್ನಡಿ, ಟಾರ್ಚು,
ಅಕ್ಕಿಯ ಕಲ್ಲು ಆರಿಸುವವಳ ಹಾಗೆ ಬಾಗಿದ ಕುತ್ತಿಗೆ:
ನನ್ನ ಕೆಲಸ ಇಷ್ಟೇ.
ಶಕ್ತಿನಗರದ ಕಾಲೊನಿಯಲ್ಲಿ ದಿನಕ್ಕೆರಡು ಸಲ
ಕಿಟಕಿಯ ಹಾರುಬೂದಿ ಒರೆಸುತ್ತ ಬೆಳೆದವಳು,
ಕರೆಂಟೆಂದರೆ ಕಸ ಎಂದು ಮೊದಲೇ ಗೊತ್ತು.

ಮೂರನೆಯ ರಾತ್ರಿ ಗೇಟಿನಿಂದ ವೈರ್‌ಲೆಸ್:
ಹೆಂಗಸೊಬ್ಬಳು ಬಂದಿದ್ದಾಳೆ, ಮೇಕೆಗಳೂ.
ಝುವೈನಾ. ಗುಡ್ಡದಾಚೆಯ ಅವಳ ಹಟ್ಟಿಗೆ
ಪತ್ರ ಮುಟ್ಟಿರಲಿಲ್ಲ. ಗಬ್ಬದ ಮೇಕೆ ಮೂರು ಬೇಲಿ ಹಾರಿವೆ,
ಒಳಗೆ ಯಾರನ್ನು ಕಟ್ಟಿಹಾಕಿ ಅರಚಿಸುತ್ತಿದ್ದೀರಿ?
ಖಮೀಸ್ ಕೈಕಟ್ಟಿ ಬೈಸಿಕೊಂಡ.
ನಾನು ಏಳನೆಯ ಫಲಕ ತಂದು ಅವಳ ಕೈಗಿಟ್ಟೆ.
ಹೆಬ್ಬೆರಳಲ್ಲಿ ಸವರಿದಳು. ಕೂಸಿಗಿಂತ ಮೊದಲೇ
ಮಾಸು ಬೀಳುವ ಹೆರಿಗೆ ಇದೇ ನೋಡಿದ್ದು, ಅಂದಳಂತೆ.
ಇನ್ನೆಷ್ಟು ಎಂದು ಬೆರಳು ಮಡಿಸಿ ಕೇಳಿದಳು.
ನನಗೆ ಗೊತ್ತಿರಲಿಲ್ಲ.
ಗೊತ್ತಿಲ್ಲ ಎನ್ನುವ ಅರಬ್ಬಿಯೂ ಗೊತ್ತಿರಲಿಲ್ಲ.

ಕಡೆಯ ರಾತ್ರಿ. ಹದಿನಾರಕ್ಕೆ ಮೂರು.
ಹದಿನೇಳಕ್ಕೆ ಒಂದೇ ಒಂದು, ಗಸಗಸೆಯಷ್ಟು.
ಕೊರಿಯಾದ ಬೇಕ್ ಅಳತೆಪಟ್ಟಿ ಹಿಡಿದರು:
ಮಿತಿಯೊಳಗಿದೆ, ಸಹಿ ಹಾಕಿಬಿಡಿ.
ಅಟ್ಟಣಿಗೆಯ ಮೇಲೆ ತಿಲಕ್ ಮಗರ್ ಸ್ಪ್ಯಾನರ್ ಹಿಡಿದೇ
ತೂಕಡಿಸುತ್ತಿದ್ದ, ಮುಂಗೈಗೆ ಬರ್ನಾಲ್ ಮೆತ್ತಿಕೊಂಡು.
ಪೆನ್ನು ತೆರೆದು ಬಾಗಿದೆ.
ಫಲಕದೊಳಗೆ ನನ್ನ ಮುಖ, ಐದು ರಾತ್ರಿಯ ಕಣ್ಣು,
ಬೊಟ್ಟಿಡುವ ಜಾಗಕ್ಕೆ ಸರಿಯಾಗಿ ಆ ಗುಳಿ.

ಇನ್ನೊಂದು, ಅಂದೆ.

ಬೇಕ್ ಗಡಿಯಾರ ನೋಡಿಕೊಂಡರು. ಯಾರೋ
ನನಗೆ ಅರ್ಥವಾಗದ ಭಾಷೆಯಲ್ಲಿ ಬೈದ, ಅರ್ಥವಾಯಿತು.
ಒತ್ತಡ ಏರುವಷ್ಟರಲ್ಲಿ ಗೇಟಿಗೆ ಹೋಗಿ
ಒಂದು ಬೆರಳೆತ್ತಿ ತೋರಿಸಿದೆ.
ಝುವೈನಾ ತಲೆಯಾಡಿಸಿ, ಮಂಡಿಯೂರಿ,
ಮೇಕೆಯ ಎರಡೂ ಕಿವಿಗಳನ್ನು
ಅಂಗೈಯಿಂದ ಮುಚ್ಚಿದಳು.