ಜ್ವರ ಬಂದ ದಿನ

ಆ ದಿನ ನನಗೆ ಜ್ವರ.
ಅಷ್ಟೇ ವ್ಯತ್ಯಾಸ, ನನಗೂ ಉಬಾಹಳಿಗೂ.

ಗರಿಸ್ಸಾದಿಂದ ಲಾರಿ ಹತ್ತಿ ದದಾಬಿನ ಶಿಬಿರಕ್ಕೆ
ಅಮ್ಮ ಅವಳೊಬ್ಬಳನ್ನೇ ಕರೆದೊಯ್ದಳು.
ಆ ವರ್ಷ ಮೇಕೆಗಳು ಸತ್ತಿದ್ದವು, ಅದು ಬೇರೆ ಕತೆ.
ಗಡಿ ದಾಟಿ ಬಂದವರಿಗೆ ಮಾತ್ರ ಅಲ್ಲಿ ಮುಸುಕಿನ ಜೋಳ.
ನಾವು ಯಾವ ಗಡಿಯನ್ನೂ ದಾಟಿರಲಿಲ್ಲ;
ದಾಟಿದ್ದರೆ ತಾನಾ ನದಿಯನ್ನು, ಅಜ್ಜಿ ಮನೆಗೆ, ಹಬ್ಬಕ್ಕೆ.
ಸಾಲಿನಲ್ಲಿ ಯಾರೋ ಹೇಳಿಕೊಟ್ಟರು:
ಊರು ಕೇಳಿದರೆ ಕಿಸ್ಮಾಯೊ ಅನ್ನು.
ಅಮ್ಮ ಅಂದಳು.
ಗಾಜಿನ ಮೇಲೆ ಮಗಳ ಬೆರಳಿಡಿಸಿದಳು,
ಎಡಗೈ ನಾಲ್ಕು, ಬಲಗೈ ನಾಲ್ಕು, ಹೆಬ್ಬೆಟ್ಟು ಎರಡು.
ಗಾಜು ತಣ್ಣಗಿತ್ತಂತೆ. ಹಸಿರು ಬೆಳಕು ಬಂತಂತೆ.
ಏಳು ವರ್ಷದ ಉಬಾಹ್ ನಕ್ಕಳಂತೆ.

ಸಂಜೆ ಆ ಜೋಳದ ಗಂಜಿಯ ಮೊದಲ ಬಟ್ಟಲು
ನನಗೇ ಬಂತು, ಜ್ವರದವಳಲ್ಲವೇ.

ಹದಿನೆಂಟಾದಾಗ ಇಬ್ಬರೂ ಗುರುತಿನ ಚೀಟಿಗೆ ಹೋದೆವು.
ಒಂದೇ ಬಸುರು, ಹನ್ನೊಂದು ನಿಮಿಷದ ಅಂತರ;
ಕತ್ತಲಲ್ಲಿ ಅಮ್ಮನೂ ತಪ್ಪುತ್ತಿದ್ದಳು,
ನನಗೆ ಬೀಳಬೇಕಾದ ಏಟು ಅವಳಿಗೆ ಬೀಳುತ್ತಿತ್ತು.
ಯಂತ್ರ ತಪ್ಪಲಿಲ್ಲ.
ನನಗೆ ಚೀಟಿ ಕೊಟ್ಟಿತು. ಅವಳಿಗೆ ಹೇಳಿತು:
ನೀನು ಪರದೇಶಿ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ.
ಬೇಕು,
ಅಂಗೈಯನ್ನೇ ಯಾರೋ ಒಯ್ದು ಬೀಗ ಹಾಕಿಟ್ಟಾಗ.
ಎಲ್ಲಿದೆ ಅದು? ನೈರೋಬಿಯಲ್ಲೋ, ಜಿನೀವಾದಲ್ಲೋ,
ಯಾವ ತಂಪು ಕೋಣೆಯಲ್ಲೋ,
ಯಾರ್ಯಾರು ತೆಗೆದು ನೋಡಿದರೋ.

ಗುಮಾಸ್ತ ಮುಟುವಾ ಕೆಟ್ಟವನಲ್ಲ. ಚಹಾ ತರಿಸಿದ.
ಪರದೆಯನ್ನು ಮಾತ್ರ ನಮ್ಮ ಕಡೆ ತಿರುಗಿಸಲಿಲ್ಲ.
"ಇದು ಗೋಪ್ಯ."
ಯಾರಿಂದ ಮುಚ್ಚಿಡೋದು? ಎಂದಳು ಉಬಾಹ್.
"ವ್ಯಕ್ತಿಯ ಖಾಸಗಿತನ ಕಾಪಾಡಬೇಕಲ್ಲ."
ಆ ವ್ಯಕ್ತಿ ನಾನೇ.
"ಅದನ್ನೇ ತಾನೇ ತಾಯಿ, ನೀನು ಸಾಬೀತು ಮಾಡಬೇಕಾದ್ದು."

ಏಳು ಸಲ ಹೋಗಿದ್ದೇವೆ.
ಅವಳ ಸಿಮ್ ನನ್ನ ಹೆಸರಲ್ಲಿ,
ಅವಳು ದುಡಿದ ದುಡ್ಡು ನನ್ನ ಖಾತೆಯಲ್ಲಿ.
ನರ್ಸಿಂಗ್ ಸೀಟೊಂದು ಸಿಕ್ಕಿತ್ತು, ಅದು ಯಾರ ಹೆಸರಲ್ಲೂ ಇಲ್ಲ.
ಅವಳು ನೈರೋಬಿ ಬಸ್ಸು ಹತ್ತುವ ದಿನ
ನನ್ನ ಚೀಟಿ ಅವಳ ಚೀಲದಲ್ಲಿ, ಮುಖ ಹೇಗೂ ಒಂದೇ;
ನಾನು ಮನೆಯಿಂದ ಹೊರಬೀಳುವುದಿಲ್ಲ.
ಅಮ್ಮ ಈಗ ಜೋಳ ಮುಟ್ಟುವುದಿಲ್ಲ.

ಅವಳು ಕೇಳುವುದು ದೊಡ್ಡದೇನಲ್ಲ.
ಜೋಳ ಬೇಕಾದರೆ ತೂಗಿ ವಾಪಸು ಕೊಡುತ್ತಾಳೆ, ಬಡ್ಡಿ ಸೇರಿಸಿ.
ಆ ಒಂದು ಸಾಲು ಅಳಿಸಿ.
ಅಳಿಸಲಾಗದಿದ್ದರೆ ತೋರಿಸಿ.
ಅದೂ ಆಗದಿದ್ದರೆ, ಪಕ್ಕದಲ್ಲಿ ಬರೆದುಕೊಳ್ಳಿ:
ಮಗುವಿಗೆ ಹಸಿವಾಗಿತ್ತು.
ಸುಳ್ಳು ಹೇಳಿದ್ದು ಊರಿನ ಹೆಸರು ಮಾತ್ರ,
ಹಸಿವಿನದಲ್ಲ.

ನಿನ್ನೆ ನನ್ನ ಮದರಂಗಿ.
ನಮ್ಮ ಓಣಿಯ ಮದುಮಗಳಂದಿರ ಕೈಗೆಲ್ಲ ಉಬಾಹಳದೇ ಬಳ್ಳಿ.
ಮದುವೆ ಮುಗಿದ ಮೇಲೆ ಹೊಸ ಚೀಟಿಗೆ
ನಾನು ಮತ್ತೆ ಬೆರಳು ಒತ್ತಬೇಕು, ಅವಳಿಗೆ ಗೊತ್ತು.
ಮುಂಗೈಯ ಎಲೆ, ಹೂವು ಮುಗಿಸಿ
ತುದಿಗಳ ಹತ್ತಿರ ಬಂದು ತಡೆದಳು.
ಆಮೇಲೆ ಒಂದೊಂದನ್ನೇ ಹಿಡಿದು
ಗೆರೆ ಕಾಣದ ಹಾಗೆ, ಕಪ್ಪಗೆ, ದಪ್ಪಗೆ ಮೆತ್ತಿದಳು.
"ಒಣಗಲಿ. ಏನನ್ನೂ ಮುಟ್ಟಬೇಡ."

ಹತ್ತೂ ಬೆರಳು ಬಿಡಿಸಿ ಗಾಳಿಗೆ ಹಿಡಿದು ಕೂತೆ.
ನೊಣವೊಂದು ಬಂದು ಮೂಗಿನ ಮೇಲೆ ಕೂತಿತು.
ಓಡಿಸಿದ್ದು ಅವಳೇ.