ಸೆರಗು ಒದರಿ

ಐದೂವರೆಗೆ ಸೈರನ್ನು.
ಕ್ಯೂರಿಂಗ್ ವರ್ಕ್ಸಿನ ಗೇಟು ಅರ್ಧ ಮಾತ್ರ ತೆರೆಯುತ್ತದೆ,
ಒಬ್ಬೊಬ್ಬರೇ ಬರಬೇಕು, ಒಬ್ಬೊಬ್ಬರೇ.
ನಾನು ಅಲ್ಲಿ ನಿಂತಿರುತ್ತೇನೆ, ಸ್ಟೂಲಿನ ಪಕ್ಕ.
ಸ್ಟೂಲು ಕೊಟ್ಟಿದ್ದಾರೆ. ಕೂರಬಾರದು.

ಸೆರಗು ಒದರಿ, ಅನ್ನುತ್ತೇನೆ.
ಒದರುತ್ತಾರೆ.
ಮಡಿಲು ತೋರ್ಸಿ. ಎಲಡಿಕೆ ಚೀಲ ಬಿಚ್ಚಿ.
ಡಬ್ಬಿ ಮುಚ್ಚಳ ತೆಗೀರಿ.
ಹುರುಳಿ ಸಾರಿನ ವಾಸನೆ, ಅಂಚಿಗೆ ಒಣಗಿದ ಮುದ್ದೆ.
ಇಪ್ಪತ್ತೊಂದು ವರ್ಷ
ನೂರಾ ಹದಿನಾಲ್ಕು ಹೆಂಗಸರ ಮೈಯನ್ನು
ಅವರ ಗಂಡಂದಿರಿಗಿಂತ ಹೆಚ್ಚು ಸಲ ಮುಟ್ಟಿದ್ದೇನೆ.
ಯಾರಿಗೆ ಎಷ್ಟನೇ ತಿಂಗಳು,
ಯಾರ ಬೆನ್ನ ಮೇಲೆ ರಾತ್ರಿಯ ಬಾಸುಂಡೆ,
ನನ್ನ ಅಂಗೈಗೆ ಗೊತ್ತು.
ಅಂಗೈ ಯಾರಿಗೂ ಹೇಳಿಲ್ಲ.

ಮೊದಲು ನಾನೂ ಒಳಗೇ ಇದ್ದೆ,
ಗೋಣಿ ಹಾಸಿ, ಮೊರ ಮಡಿಲಿಗಿಟ್ಟು,
ಕಪ್ಪು, ಒಡಕು, ಹುಳ ತಿಂದದ್ದು ಎಡಕ್ಕೆ.
ದುಂಡಗೆ ಒಂಟಿಯಾಗಿ ಹುಟ್ಟಿದ ಪೀಬಿ ಬೇರೆ.
ಬಲಕ್ಕೆ ಉಳಿದದ್ದು ಮಂಗಳೂರಿಗೆ, ಹಡಗಿಗೆ,
ನಾವು ಹೆಸರು ಹೇಳಲಾರದ ಊರುಗಳ ಬೆಳಗಿಗೆ.
ಎಡಕ್ಕೆ ಬಿದ್ದದ್ದು ಚಿಕೋರಿಯ ಜೊತೆ ಸಂಸಾರ ಹೂಡಿ
ಸಂತೇಪೇಟೆಯ ಅಂಗಡಿಗೆ.
ನಾವೇ ಆರಿಸಿ ಬಿಸಾಕಿದ್ದನ್ನು
ನಾವೇ ದುಡ್ಡು ಕೊಟ್ಟು ಲೋಟಕ್ಕೆ ಬಗ್ಗಿಸಿಕೊಳ್ಳುತ್ತಿದ್ದೆವು,
ಬೆಲ್ಲ ಹಾಕಿ.

ದೊಡ್ಡ ಸಾಹುಕಾರ್ರು ಒಂದಿನವೂ ಗದರಿದವರಲ್ಲ.
ಮೆಲ್ಲಗೆ ಅಂದರು: ನೀನು ನಂಬಿಕಸ್ಥೆ ಕಣಮ್ಮ ಜವರಮ್ಮ.
ದಿನಕ್ಕೆ ಹನ್ನೆರಡು ರೂಪಾಯಿ ಜಾಸ್ತಿ, ಒಂದು ಖಾಕಿ ರವಿಕೆ.
ನಂಬಿಕೆ ಎಂಬುದಕ್ಕೆ ಅಷ್ಟೊಂದು ಅಗ್ಗದ ಬಟ್ಟೆ ಇರುತ್ತದೆಂದು
ತೊಟ್ಟ ಮೇಲೆ ತಿಳಿಯಿತು. ಕಂಕುಳಲ್ಲಿ ಕಡಿಯುತ್ತಿತ್ತು.

ಈಗ ಅವರು ಫೋಟೋದಲ್ಲಿ, ಗಂಧದ ಹಾರದೊಳಗೆ.
ಸಣ್ಣವರು ರುಚಿ ನೋಡುವ ಕೋಣೆಯಲ್ಲಿ.
ಗಾಜಿನಾಚೆ ಕಾಣುತ್ತದೆ:
ಚಮಚದಲ್ಲಿ ಸೊರ್ರೆಂದು ಎಳೆದು,
ಕಣ್ಣು ಮುಚ್ಚಿ ಬಾಯೊಳಗೆ ಹೊರಳಿಸಿ,
ಹಿತ್ತಾಳೆ ಪೀಕದಾನಿಗೆ ಉಗುಳುತ್ತಾರೆ.
ಒಂದು ಸುಗ್ಗಿಯ ಬೆನ್ನುನೋವು
ಅವರ ನಾಲಿಗೆಯ ಮೇಲೆ ಅರೆಗಳಿಗೆ.
ನುಂಗುವುದಿಲ್ಲ. ಬೆಲೆ ಹೇಳುತ್ತಾರೆ.

ಹೊನ್ನಾಜಮ್ಮನದು ಹೇಳಬೇಕು.
ಅವಳ ತುರುಬಿನಲ್ಲಿ ಒಂದು ಬೀಜ.
ಜರಡಿಯಿಂದ ಹಾರಿ ಕೂತದ್ದು, ಪೀಬಿ, ಒಂದೇ ಒಂದು.
ಬುದ್ಧಿಗಿಂತ ಮುಂಚೆ ನನ್ನ ಬೆರಳು ಅದನ್ನು ಎತ್ತಿ ಹಿಡಿದಿತ್ತು.
ರೈಟರ್ ಶಾಂತವೀರಪ್ಪ ಕನ್ನಡಕ ಸರಿಮಾಡಿಕೊಂಡ.
ಹಾರಿ ಕೂತದ್ದು ಅನ್ನಬಹುದಿತ್ತು ನಾನು,
ಮೂರೇ ಪದ.
ಮಾರನೆ ದಿನ ಹಾಜರಿ ಪುಸ್ತಕದಲ್ಲಿ
ಅವಳ ಹೆಸರಿನ ಮೇಲೆ ಕೆಂಪು ಗೀಟು, ಸ್ಕೇಲಿಟ್ಟು ಎಳೆದದ್ದು.
ಅದೇ ಹೊತ್ತಿಗೆ ಲಾರಿಗೆ ಗೇಟು ಪೂರಾ ತೆರೆಯಿತು,
ವಾಚ್‌ಮನ್ ಸಲಾಮು ಹೊಡೆದ.
ಬೆಳೆಗಾರರ ತೂಕದಲ್ಲಿ ಕಡಿಮೆ ಬರೆದದ್ದು,
ಕಟ್ಟದೆ ಉಳಿದ ನಮ್ಮ ಪೀಎಫ್ಫು,
ಎಲ್ಲ ಹೇರಿಕೊಂಡು ಬಿ.ಎಂ. ರಸ್ತೆಗೆ ಇಳಿಯಿತು.
ಲಾರಿಯ ಸೆರಗನ್ನು ಯಾರೂ ಒದರಿಸಲಿಲ್ಲ.

ಶಿವರಾತ್ರಿ ಕಳೆದು ಮಿಷನ್ನು ಬಂತು.
ಅದಕ್ಕೆ ಕ್ಯಾಮೆರಾ ಕಣ್ಣು.
ಕಪ್ಪು ಬೀಜ ಕಂಡರೆ ಉಫ್ ಎಂದು ಗಾಳಿ ಊದುತ್ತದೆ.
ಅದಕ್ಕೆ ಹೆರಿಗೆ ಇಲ್ಲ, ಯೂನಿಯನ್ ಇಲ್ಲ, ತುರುಬಿಲ್ಲ.
ಒಂಬತ್ತು ಜನ ಸಾಕಂತೆ.
ನಾವೆಲ್ಲ ಒಂದೇ ಮನೆಯವರಲ್ಲವಾ, ಅಂದರು ಸಣ್ಣವರು,
ಒಬ್ಬೊಬ್ಬರಿಗೂ ಅರ್ಧ ಕೇಜಿ ಪುಡಿ ಕೊಟ್ಟರು.
ಮೂಸಿ ನೋಡಿದೆ. ಎಡಗಡೆಯದು.

ಕೊನೆ ದಿನ, ಐದೂವರೆ.
ಸಾಲು ಮುಂದಕ್ಕೆ ಬರಲಿಲ್ಲ.
ಎದುರಿಗಿದ್ದ ಜುಲೇಖಾಬಿ ಡಬ್ಬಿ ನೆಲಕ್ಕಿಟ್ಟು ಅಂದಳು:
ಇವತ್ತು ನೀನು ಒದರು.

ಒದರಿದೆ.
ಸುಣ್ಣದ ಡಬ್ಬಿ ಉರುಳಿತು, ಬಸ್ಸಿನ ಚೀಟಿ,
ಒಂದು ಪಿನ್ನು.
ಬೀಜ ಬೀಳಲಿಲ್ಲ.
ಇಪ್ಪತ್ತೊಂದು ವರ್ಷಕ್ಕೆ ಒಂದೂ.
ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಗೇಟಿನ ಇನ್ನರ್ಧದ ಚಿಲಕಕ್ಕೆ ಕೈಹಾಕಿದೆ,
ತುಕ್ಕು ಹಿಡಿದಿರುತ್ತದೆ ಅಂದುಕೊಂಡು.
ಎಣ್ಣೆ ಬಿಟ್ಟಿದ್ದರು.
ಒಂದೇ ಬೆರಳಿಗೆ ಬಂತು.