ಸೀಜ್

ಹೊಳೆನರಸೀಪುರದ ಠಾಣೆ ಹಿಂದೆ, ಹುಣಸೆಮರದಡಿ
ಏಳು ತಿಂಗಳು ನಿಂತ ಪಿಕಪ್ಪು.
ಕೋರ್ಟಿನ ಆರ್ಡರು ಹೊನ್ನೇಶನ ಜೇಬಲ್ಲಿ, ನಾಲ್ಕು ಮಡಿಕೆ;
ಸೀಲಿನ ನೇರಳೆ ಮಸಿ ಬೆವರಿಗೆ ಅಂಗಿಗಿಳಿದಿದೆ.
‘ಬಿಟ್ಟವ್ರೆ ಅಣ್ಣ. ಗಾಡಿ ಬತ್ತಿಲ್ಲ.’

ಪೊಲೀಸರ ಬಾಯಲ್ಲಿ ಸೀಜ್, ನಮ್ಮ ಬಾಯಲ್ಲೂ ಸೀಜ್.
ಅವರದು ಕಾಗದಕ್ಕೆ ಬಿಡುತ್ತೆ,
ನಮ್ಮದಕ್ಕೆ ಮೊಣಕಾಲೂರಬೇಕು.

ಫಸ್ಟ್ ಗೇರಿಗೆ ಹಾಕಿ ಕ್ಲಚ್ ಬಿಟ್ಟೆ:
ಹಿಂಭಾಗ ಕುಕ್ಕರಿಸಿತು, ಇಂಜಿನ್ ಕೆಮ್ಮಿ ಸತ್ತಿತು,
ಲಾಳ ಕಟ್ಟಿಸಿಕೊಳ್ಳಲೊಲ್ಲದ ಹೋರಿ.
ಜಾಕಿನ ಮೇಲೆ ಮುಂದಿನ ಚಕ್ರ ಒಂದೇ ಬೆರಳಿಗೆ ತಿರುಗಿತು.
ತಪ್ಪು ಹಿಂದಿದೆ.

‘ಹ್ಯಾಂಡ್‌ಬ್ರೇಕ್ ನಾನೇ ಎಳೆದಿದ್ದು’ ಎಂದರು ರೈಟರ್ ಚನ್ನಬಸಪ್ಪ,
‘ಇಳಿಜಾರು ನೋಡಿ, ಉರುಳಿದರೆ ಯಾರು ಜವಾಬ್ದಾರಿ?’
ಹನ್ನೊಂದು ಹಲ್ಲು ಎಳೆದಿದ್ದರು, ಆತ್ಮಸಾಕ್ಷಿಯಾಗಿ.
ಮಳೆಗಾಲ ಪೂರ್ತಿ ಆ ಎಳೆತ ಹಾಗೇ ಇತ್ತು.
ಲಿವರ್ ಇಳಿಸಿದೆ. ಸುದ್ದಿ ಕೆಳಗೆ ತಲುಪಲಿಲ್ಲ.

ಕೇಬಲ್ ಬಿಚ್ಚಿದ ಮೇಲೆ ಎಡಗಡೆಯದು
ಗೊಣಗುತ್ತ ಅರ್ಧ ಸುತ್ತು ಬಂತು.
ಬಲಗಡೆಯದು ಇಲ್ಲ.

ಹಿಂದಿನ ರಬ್ಬರ್ ಬಿರಡೆ ಕಿತ್ತು
ಅಡ್ಜಸ್ಟರಿನ ಹಲ್ಲನ್ನು ಹಿಂದಕ್ಕೆ, ಒಂದೊಂದೇ.
ಕಾಣುವುದಿಲ್ಲ ಅದು;
ಸ್ಕ್ರೂಡ್ರೈವರಿನ ಹಿಡಿಯಲ್ಲಿ ಕೇಳಿಸಿಕೊಳ್ಳಬೇಕು.

ಆಮೇಲೆ ಸುತ್ತಿಗೆ.
ಖಲೀಲ್ ಉಸ್ತಾದರು ಹೇಳುತ್ತಿದ್ದರು:
ಅಂಚಿಗೆ ಹೊಡೆದರೆ ಸೀಳುತ್ತೆ, ಮುಖಕ್ಕೆ ಹೊಡಿ, ಸುತ್ತಲೂ,
ಸಾಲ ಕೇಳೋಕೆ ಹೋದವನು ಬಾಗಿಲು ತಟ್ಟೋ ಹಾಗೆ.
ಥಪ್. ಥಪ್. ಥಪ್.
ಮೂರನೇ ಸುತ್ತಿಗೆ: ಠಣ್.
ಒಳಗೆ ಎಲ್ಲೋ ಒಂದು ಕೂದಲೆಳೆ ಜಾಗ ಹುಟ್ಟಿತು.

ಡ್ರಮ್ಮಿನಲ್ಲೇ ಎರಡು ತೂತಿರುತ್ತವೆ, ತುಕ್ಕು ತುಂಬಿ ಮುಚ್ಚಿಹೋಗಿರುತ್ತವೆ.
ಕೆದಕಿ, ಎರಡು ಬೋಲ್ಟು ಕೂರಿಸಿ
ಇದಕ್ಕೆ ಅರ್ಧ ಸುತ್ತು, ಅದಕ್ಕೆ ಅರ್ಧ ಸುತ್ತು,
ಒಂದಕ್ಕೂ ಹೆಚ್ಚು ಕೊಡದೆ.

ಬಿಟ್ಟಿತು.

ಲೈನಿಂಗ್ ಶೂ ತೊರೆದು ಡ್ರಮ್ಮಿಗೇ ಅಂಟಿಕೊಂಡಿತ್ತು.
ಏಳು ತಿಂಗಳು ತಬ್ಬಿ ನಿಂತು
ಯಾರು ಯಾರನ್ನು ತಡೆದದ್ದೆಂದೇ ಮರೆತಿದ್ದವು.

ಹುಡುಗ ಧರಣಿ ಧೂಳು ಊದಲು ತುಟಿ ಕೂಡಿಸಿದ.
ಕಾಲರ್ ಹಿಡಿದು ಹಿಂದಕ್ಕೆಳೆದೆ.
ನೀರು ಸುರಿ. ಊದಬೇಡ.
ಉಸ್ತಾದರು ಮೂವತ್ತು ವರ್ಷ ಊದಿದವರು;
ಮಸೀದಿಯ ಏಳು ಮೆಟ್ಟಿಲಿಗೆ ಈಗ ಮೂರು ಸಲ ಕೂರುತ್ತಾರೆ.

ವೀಲ್ ಸಿಲಿಂಡರು, ಶೂ ಸೆಟ್ಟು, ಕೇಬಲ್
ಹಾಸನದಿಂದ ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಕೈಲಿ ಬಂದವು.
ಅಲ್ಲಿತನಕ ಮರಳು ಇಳಿಸಿದೆವು.
ಪುರಾವೆ ಅದು, ‘ಸರ್ಕಾರದ್ದು, ಮರದ ಬುಡಕ್ಕೆ ಹಾಕಿ.’
ಹೊನ್ನೇಶ ಬಚ್ಚಲಮನೆ ಕಟ್ಟೋಕೆ ತಂದಿದ್ದನಂತೆ.
ಅದನ್ನು ಆ ಉದ್ದೇಶಕ್ಕೇ ಬಳಸಿದ್ದು
ಠಾಣೆಯ ಬೆಕ್ಕೊಂದೇ.

ಸಂಜೆ ಗಾಳಿ ತೆಗೆಯುವ ಕೆಲಸ.
ಹೊನ್ನೇಶ ಸೀಟಿನಲ್ಲಿ, ನಾನು ಚಕ್ರದಡಿ,
ನಿಪ್ಪಲಿನಿಂದ ಬಾಟಲಿಗೆ ಒಂದು ಪಾರದರ್ಶಕ ಪೈಪು.
ಹೊಡಿ! ಹೊಡಿ! ಹಿಡಿ!
‘ಹಿಡ್ದಿವ್ನಿ!’
ಬಿಡು!
ಒಳಗಿನ ಮಾತು ಹೊರಗೆ ಕೇಳಿಸಿ
ರೈಟರ್ ಗಾಬರಿಯಿಂದ ಬಾಗಿಲಿಗೆ ಬಂದರು.
ಗುಳ್ಳೆ, ಗುಳ್ಳೆ, ಸಣ್ಣ ಗುಳ್ಳೆ,
ಆಮೇಲೆ ಬರೀ ಎಣ್ಣೆ.

ಡ್ರಮ್ ಹಾಕಿ ತಿರುಗಿಸಿದರೆ ಸರ್ರ್ ಎನ್ನಬೇಕು, ಅಷ್ಟೇ,
ಸೀರೆ ಸೆರಗು ಗೋಡೆಗೆ ತಾಗಿ ಹೋದ ಹಾಗೆ.
ಹಿಡಿಯಬಾರದು. ದೂರವೂ ಇರಬಾರದು.

ಗೇಟಿನ ತನಕ ಓಡಿಸಿ, ನಿಲ್ಲಿಸಿ, ಅಭ್ಯಾಸಬಲದಿಂದ
ಹ್ಯಾಂಡ್‌ಬ್ರೇಕಿಗೆ ಕೈಹಾಕಿದವನು ನನ್ನ ಕಡೆ ನೋಡಿದ.
ಧರಣಿ ಆಗಲೇ ಒಂದು ಕಲ್ಲು ತಂದಿದ್ದ.

ರಿಜಿಸ್ಟರಿನಲ್ಲಿ ಮೊದಲೇ ಅಚ್ಚಾಗಿತ್ತು:
‘ವಾಹನವನ್ನು ಸುಸ್ಥಿತಿಯಲ್ಲಿ ಸ್ವೀಕರಿಸಿರುತ್ತೇನೆ.’
ಹೊನ್ನೇಶ ಸಹಿ ಹಾಕಿದ.
ಪುಟ ಒತ್ತಿ ಹಿಡಿದಿದ್ದ ನನ್ನ ಹೆಬ್ಬೆಟ್ಟೂ
‘ಸುಸ್ಥಿತಿ’ಯ ಮೇಲೆ ಕರ್ರಗೆ ಬಿತ್ತು.